ಅಳಿವೆಯಲ್ಲಿ ನಾನು ಮಾಡಿದ ನಾಟಿ

ನಿಮ್ಮ ಅಕ್ಕ ಕಾರವಾರಕ್ಕೆ ಹೋಗಿ ಕಡಲ ವಿಜ್ಞಾನ ಓದುತ್ತೇನೆ ಎಂದು ಹಟ ಹಿಡಿದಾಗ, ಓಣಿಯವರಿಗೆ ಅದನ್ನು ಬಿಡಿಸಿ ಹೇಳುವ ಕೆಲಸ ಅಜ್ಜಿಯಾದ ನನ್ನ ಪಾಲಿಗೆ ಬಂತು. ಮೀನು, ಏಡಿ ಎನ್ನಲು ನನಗೆ ನಾಚಿಕೆ. ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ನೀರಿನ ಬಗ್ಗೆ ಓದುತ್ತಾಳೆ ಎಂದುಬಿಟ್ಟೆ. ಎದುರು ಮನೆಯವರು ಮರುದಿನವೇ ಬಂದು, ಹುಡುಗಿ ರಜೆಗೆ ಬಂದಾಗ ಕನಕಗಿರಿ ಕಡೆಯ ತಮ್ಮ ಹೊಲದಲ್ಲಿ ಬೋರ್ ಎಲ್ಲಿ ಹಾಕಿಸಬೇಕೆಂದು ತೋರಿಸಲಿ ಎಂದು ಹೇಳಿ ಹೋದರು. ಅವರಿಗೆ ನಿಜ ಹೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ನಿಮ್ಮಪ್ಪ ಒಂದು ಷರತ್ತಿನ ಮೇಲೆ ಒಪ್ಪಿದ್ದ. ಓದು ಹೇಳಿದ ಹೊತ್ತಿಗೆ ಮುಗಿಯಬೇಕು, ತಡವಾದರೆ ಸುಮ್ಮನೆ ಕೊಪ್ಪಳಕ್ಕೆ ಬಂದು ಬಿ.ಎಡ್. ಸೇರಬೇಕು. ಅಕ್ಕನೂ ಹೂಂ ಎಂದಿದ್ದಳು.

ಕೊನೆಯ ವರ್ಷ ಅವಳ ಕೋಣೆಯ ಗೆಳತಿ ಕೆಲವು ದಿನ ಊರಿಗೆ ಹೋದಾಗ, ಹುಡುಗಿ ಒಬ್ಬಳೇ ಇರಬಾರದೆಂದು ನನ್ನನ್ನು ಕಾವಲಿಗೆ ಕಳಿಸಿದರು. ಹುಬ್ಬಳ್ಳಿಯಲ್ಲಿ ಕಾರವಾರದ ಬಸ್ಸು ಯಾವುದೆಂದು ಕೇಳಲು ನಾಚಿ, ಕಣ್ಣೆದುರೇ ಬಸ್ಸು ಬಿಟ್ಟುಕೊಂಡ ಕಾವಲು ನಾನು.

ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಅವಳ ಕೆಲಸ. ಅಲ್ಲಿ ಉಪ್ಪುನೀರಿನ ಕೆಸರಿನಲ್ಲೇ ಕಾಂಡ್ಲಾ ಗಿಡಗಳು ಬೆಳೆಯುತ್ತವೆ. ನೀರು ಇಳಿದಾಗ ಹೋಗಿ, ಏರುವ ಮೊದಲು ಬಂದುಬಿಡಬೇಕು. ಗಿಡಗಳ ಕೆಳಗೆ ನಾಲ್ಕು ಗೂಟ ನೆಟ್ಟು, ಹಗ್ಗ ಕಟ್ಟಿ ಚೌಕ ಮಾಡಿದ್ದಳು. ಅದರೊಳಗಿನ ಸಸಿಗಳನ್ನು ಮಳೆಗಾಲದಿಂದ ಎಣಿಸುತ್ತ ಬಂದಿದ್ದಳು. ಏಕೆ ಎಣಿಸುತ್ತಾಳೆಂದೂ ನನಗೆ ಹೇಳಿರಬೇಕು. ನಾನು ಆಗ ಏಡಿಯೊಂದು ನನ್ನ ಕಡೆಗೇ ಬರುತ್ತಿದೆಯೇ ಎಂದು ನೋಡುತ್ತಿದ್ದೆ.

ನಾನು ಹುಟ್ಟಿದ್ದು ಕುಷ್ಟಗಿ ಕಡೆಯ ಜೋಳದ ಊರಿನಲ್ಲಿ. ಗಂಗಾವತಿಯ ಕಾಲುವೆ ಸೀಮೆಗೆ ಸೊಸೆಯಾಗಿ ಬಂದ ಮೇಲೆ ನಾಟಿ ಕಲಿತೆ. ಮೊದಮೊದಲು ಕೆಸರಿನಲ್ಲಿ ಬಿದ್ದದ್ದೇ ಹೆಚ್ಚು. ಕೊನೆಗೊಂದು ವರ್ಷ ನನ್ನ ಸಾಲು ನೋಡಿ ಅತ್ತೆ ಬೈಯುವುದನ್ನು ನಿಲ್ಲಿಸಿದರು. ಜೀವನದಲ್ಲಿ ನನಗೆ ಸಿಕ್ಕ ಬಹುಮಾನ ಅದೊಂದೇ, ಅದರ ಸೊಕ್ಕು ಇನ್ನೂ ಇಳಿದಿಲ್ಲ.

ಅವತ್ತು ಅಕ್ಕ ಶೀಶೆಗಳಲ್ಲಿ ನೀರು ತುಂಬಿಕೊಳ್ಳಲು ಹೊಳೆಯ ಅಂಚಿಗೆ ಹೋದಳು. ನಾನು ಚೌಕದ ಬಳಿ ನಿಂತೆ. ಸಸಿಗಳೆಲ್ಲ ಒಂದು ಮೂಲೆಯಲ್ಲಿ ಒತ್ತಾಗಿ ಎದ್ದಿದ್ದವು, ಉಳಿದ ಜಾಗ ಬರಿದು. ಪಾಪ, ಓದುವ ಹುಡುಗಿ, ಸಸಿ ಹಚ್ಚಲು ಬರುವುದಿಲ್ಲ ಎನಿಸಿತು. ಗಂಡಸರು ಯಾರೂ ಇಲ್ಲವೆಂದು ಸುತ್ತ ನೋಡಿ ಕಚ್ಚೆ ಹಾಕಿದೆ. ಒಂದೊಂದೇ ಸಸಿ ಕಿತ್ತು, ಗೇಣಿಗೊಂದರಂತೆ, ಹಿಂದಕ್ಕೆ ಸರಿಯುತ್ತ ಚೌಕದ ತುಂಬ ಹಚ್ಚಿದೆ. ಮೆಲ್ಲಗೆ ಹಾಡನ್ನೂ ಹೇಳಿಕೊಂಡೆ. ಅಕ್ಕ ಬರುವುದು ಕಂಡಾಗ, ಹೊಗಳಿಸಿಕೊಳ್ಳಲು ಸೊಂಟ ನೆಟ್ಟಗೆ ಮಾಡಿ ನಿಂತೆ.

"ಆಯಿ, ಏನ್ ಮಾಡಿದಿ ಇದು?"

"ಒತ್ತಾಗಿದ್ವು ಬೇ, ಬಿಡಿಸಿ ಹಚ್ಚೀನಿ. ಇನ್ನ ನೋಡು ಹೆಂಗ ಬರ್ತಾವು."

ಅವಳು ಕೆಸರಿನಲ್ಲೇ ಕುಳಿತುಬಿಟ್ಟಳು. "ಯಾರೂ ಕೈ ಹಚ್ಚಲಾರದ ಬೀಜ ಎಲ್ಲಿ ಬೀಳ್ತಾವ, ಸಸಿ ಎಷ್ಟು ಉಳೀತಾವ ಅಂತ ನೋಡೋದ ನನ್ನ ಓದು, ಆಯಿ."

ನೀರು ಏರತೊಡಗಿತ್ತು. ಕುಳಿತು ಅಳಲೂ ಅವಳಿಗೆ ಹೊತ್ತಿರಲಿಲ್ಲ. ದಾರಿಯುದ್ದಕ್ಕೂ ಒಂದೇ ಮಾತು ಆಡಿದಳು: "ಅಪ್ಪ ಇನ್ನ ಬಿ.ಎಡ್. ಅಂತಾನ."

ಮರುದಿನ ಅವಳ ಸರ್ ಚೌಕ ನೋಡಲು ಬರುವವರಿದ್ದರು. ಅವರಿಗೆ ನಾನೇ ಹೇಳುತ್ತೇನೆಂದು ಮಾತು ಕೊಟ್ಟು, ರೊಟ್ಟಿ ಬಡಿಯುತ್ತ ಮಾತು ಜೋಡಿಸಿಕೊಂಡೆ. ಅವರು ಎದುರಿಗೆ ಬಂದು ನಿಂತಾಗ ಸೆರಗು ತಲೆಯ ಮೇಲೆ ಎಳೆದುಕೊಂಡು, ಊಟ ಆಯಿತೇ ಎಂದು ಕೇಳಿದೆ. ಆಗಿನ್ನೂ ಬಿಸಿಲು ಗಿಡದ ತುದಿಗೆ ಬಂದಿತ್ತು ಅಷ್ಟೆ.

ಸರ್ ಸಾಲುಗಳನ್ನು ನೋಡಿ, ಗಿಡ ನೆಡುವ ಯಾವುದೋ ಸಂಘದವರ ಕೆಲಸವಿರಬೇಕೆಂದು ಬೇಸರ ಮಾಡಿಕೊಂಡರು. ಅಕ್ಕ ನನ್ನ ಮುಖ ನೋಡಿದಳು. ನನಗೆ ಬೇರೇನೂ ತೋಚದೆ, ಶಾಲೆಯಲ್ಲಿ ಮಾಡುತ್ತಿದ್ದಂತೆ ಬೆರಳೆತ್ತಿದೆ.

"ನಾನ್ರಿ. ಆಕಿ ಅಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಸಾಲು ಚಂದ ಉಂಟು, ಅಮ್ಮ. ಆದರೆ ಈ ಚೌಕ ಬಿಟ್ಟುಬಿಡಬೇಕು." ಹೊಸದು ಹಾಕಿ ಇನ್ನೊಂದು ಮಳೆಗಾಲ ಎಣಿಸಬೇಕು, ವರದಿ ಆಮೇಲೆ ಎಂದರು. ಅಂದರೆ ನಿಮ್ಮಪ್ಪ ಬೇಡವೆಂದಿದ್ದ ಆ ತಡ ನನ್ನ ಕೈಯಿಂದಲೇ ಆಗಿಹೋಗಿತ್ತು.

ಕೋಣೆಗೆ ಬಂದ ಮೇಲೆ ಮಗನಿಗೆ ಫೋನ್ ಹಚ್ಚಿಕೊಡು ಎಂದೆ. ನಿಮ್ಮ ಅಜ್ಜ ಹೋದ ಮೇಲೆ ಆ ಮನೆಯಲ್ಲಿ ನಾನು ಅವನಿಗೆ ಎದುರಾಡಿದ್ದಿಲ್ಲ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದರೆ, ಸಪ್ಪಗಿದ್ದರೂ ಹೌದೆನ್ನುವವಳು ನಾನು. ಅವತ್ತು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ದನಿ ನನಗೇ ಗೊತ್ತಿಲ್ಲದಷ್ಟು ದೊಡ್ಡದಾಗಿ, ಪಕ್ಕದ ಕೋಣೆಯ ಬಾಗಿಲು ತೆರೆಯಿತು.

"ಬಿ.ಎಡ್. ಮಾಡಸೋದಿದ್ರ ನನಗ ಮಾಡಸು. ಆಕಿ ಓದು ಬಿಡಸಬ್ಯಾಡ."

ಹೇಳಬೇಕಾದದ್ದು ಮುಗಿಯಿತೆಂದು ಫೋನನ್ನು ಅಕ್ಕನ ಕೈಗೆ ಕೊಡಲು ಹೋದೆ. ಆಗ ಅವನ ದನಿ ಬಂತು.

"ಆತು ಬೇ ಅವ್ವ. ಆಕಿ ಅಲ್ಲೇ ಇದ್ದು ಮುಗಿಸ್ಲಿ. ನೀ ಮಾತ್ರ ನಾಳೀನ ಬಸ್ಸಿಗೆ ಬಾ."

ಗೆಳತಿಯನ್ನು ಅವಸರದಲ್ಲಿ ಕರೆಸಿಕೊಂಡು, ಅಕ್ಕ ನನ್ನನ್ನು ಬಸ್ಸು ಹತ್ತಿಸಲು ಬಂದಳು. ಹೊಸ ಚೌಕ ಯಾವ ಕಡೆ ಹಾಕುತ್ತೀ ಎಂದು ಕಿಟಕಿಯಿಂದ ಕೇಳಿದೆ. ನಗುತ್ತ ನಿಂತಳೇ ಹೊರತು ಜಾಗ ಮಾತ್ರ ಹೇಳಲಿಲ್ಲ.