ಅಜ್ಜಿಯ ಎರಡನೆಯ ಗಂಡ

ನಮ್ಮ ಪಕ್ಕದ ಮನೆಯ ಅಜ್ಜಿಗೆ ಎಪ್ಪತ್ತರ ಹತ್ತಿರದಲ್ಲಿ ಎರಡನೆಯ ಮದುವೆಯಾಯಿತು. ಮದುವೆಗೆ ಅಜ್ಜಿ ಹೋಗಿರಲಿಲ್ಲ. ಕೊಪ್ಪದ ಕಚೇರಿಯೊಂದರ ಕಡತದಲ್ಲಿ, ಮಧ್ಯಾಹ್ನದ ಊಟಕ್ಕೆ ಮುಂಚೆ, ಅದು ನಡೆದುಹೋಯಿತು.

ಇಷ್ಟು ಬರೆದ ಮೇಲೆ ಅನುಮಾನ ಬರುತ್ತಿದೆ. ಊಟಕ್ಕೆ ಮುಂಚೆ ಎಂದು ನನಗೆ ಹೇಗೆ ಗೊತ್ತು? ನಾನು ನೋಡಿಲ್ಲ. ಹಸಿದ ಗುಮಾಸ್ತರು ಬೇಗ ಬರೆಯುತ್ತಾರೆಂಬ ನನ್ನ ನಂಬಿಕೆಯೇ ನೆನಪಿನ ವೇಷ ಹಾಕಿಕೊಂಡು ಬಂದಿರಬೇಕು. ಉಳಿದದ್ದರಲ್ಲಿ ಹೆಚ್ಚಿನದನ್ನು ಕಣ್ಣಾರೆ ಕಂಡಿದ್ದೇನೆ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾನು ಎಂ.ಎ. ಮುಗಿಸಿ, ಹಿರೇಕೊಡಿಗೆ ಕಡೆಯ ನಮ್ಮೂರಿನಿಂದ ಕೊಪ್ಪಕ್ಕೆ ಹೋಗಿ ಪಾಠ ಹೇಳಿ ಬರುತ್ತಿದ್ದೆ. ಅಜ್ಜಿ, ಗಂಡ ತೀರಿಕೊಂಡ ಮೇಲೆ, ಸೊಸೆಯ ಜೊತೆ ಉಪ್ಪು ಹುಳಿಯ ವಿಷಯದಲ್ಲಿ ಸರಿಬಾರದೆ, ಮಗನ ಮನೆಗೆ ಅಂಟಿಕೊಂಡಿದ್ದ ಕೋಣೆಯಲ್ಲಿ ಬೇರೆ ಒಲೆ ಹೂಡಿದ್ದರು. ಆ ಒಲೆ ಉರಿಯುತ್ತಿದ್ದದ್ದು ವಿಧವಾ ವೇತನದಿಂದ. ಪೋಸ್ಟ್‌ಮ್ಯಾನ್ ಮನಿಯಾರ್ಡರ್ ತಂದ ದಿನ ಅಜ್ಜಿ ಅವನನ್ನು ಮಗನ ಜಗಲಿ ದಾಟಿಸಿ ತಮ್ಮ ಬಾಗಿಲಿಗೇ ಕರೆಸಿಕೊಂಡು, ಸೊಸೆಗೆ ಕೇಳುವ ಹಾಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ಹೆಬ್ಬೆಟ್ಟು ಒತ್ತಿದರೆ ಸದ್ದು ಬರುತ್ತದೆಯೇ ಎಂದರೆ, ಅಜ್ಜಿ ಒತ್ತಿದರೆ ಬರುತ್ತಿತ್ತು.

"ಗಂಜಿ ಆದ್ರೂ ನಂದೇ ಒಲೆ ಗಂಜಿ ಕಣೇ ಕೂಸೇ. ಇನ್ನೊಬ್ರ ಮುಖ ನೋಡ್ಕಂಡು ತಟ್ಟೆ ಒಡ್ಡದು ಬ್ಯಾಡ," ಎನ್ನುತ್ತಿದ್ದರು ನನಗೆ.

ಹೀಗಿರುವಾಗ ಎನ್.ಆರ್. ಪುರದಿಂದ ನನ್ನ ಸೋದರಮಾವ ಬಂದರು. ನಿವೃತ್ತ ಮೇಷ್ಟ್ರು. ಸರ್ಕಾರ ಯಾವುದೇ ಹೊಸ ಯೋಜನೆ ತಂದರೂ, ಹೆಣ್ಣಿರುವ ಮನೆಗೆ ಗಂಡಿನ ಜಾತಕ ತರುವವರಂತೆ, ಪೇಪರಿನ ತುಂಡು ಹಿಡಿದುಕೊಂಡು ಮನೆಮನೆಗೆ ಹೋಗುವುದು ಅವರ ಚಾಳಿ. ತಾವು ಮಾತ್ರ ಪಿಂಚಣಿಯಲ್ಲಿ ಭದ್ರವಾಗಿದ್ದರು. ಅಜ್ಜಿಯನ್ನು ಕಂಡದ್ದೇ ಶುರುಮಾಡಿದರು.

"ಅಲ್ಲ ಅಮ್ಮಾ, ನೀವಿನ್ನೂ ವಿಧವಾ ವೇತನದಲ್ಲೇ ಇದೀರಲ್ಲ! ವಯಸ್ಸಾದೋರಿಗೆ ಅಂತ ಹೊಸ ಯೋಜನೆ ಬಂದಿದೆ. ದುಡ್ಡೂ ಸ್ವಲ್ಪ ಜಾಸ್ತಿ, ಮೇಲಿಂದ ಬಸ್ಸಲ್ಲಿ ರಿಯಾಯಿತಿ."

"ಯಾವ ಬಸ್ಸಲ್ಲಿ?"

"ಸರ್ಕಾರಿ ಬಸ್ಸಲ್ಲಿ."

"ನಮ್ಮೂರಿಗೆ ಸರ್ಕಾರಿ ಬಸ್ಸು ಎಲ್ಲಿಂದ ಬರ್ಬೇಕು ಮಾರಾಯ?"

"ಕೊಪ್ಪಕ್ಕೆ ಹೋದ್ರೆ ಸಿಗುತ್ತೆ."

"ಕೊಪ್ಪಕ್ಕೆ ಹೆಂಗೆ ಹೋಗದು?"

"ಪ್ರೈವೇಟ್ ಬಸ್ಸಲ್ಲಿ, ಟಿಕೆಟ್ ತಗಂಡು," ಎಂದರು ಮಾವ, ಒಂದು ಚೂರೂ ನಗದೆ.

ಅಜ್ಜಿ ಒಪ್ಪಿದ್ದು ಬಸ್ಸಿಗಲ್ಲ, ಆ 'ಸ್ವಲ್ಪ ಜಾಸ್ತಿ'ಗೆ. ಸೌದೆ ಕೊಳ್ಳಬಹುದು, ಮಗನ ಕೊಟ್ಟಿಗೆಯಿಂದ ಕೇಳಿ ತರುವುದು ತಪ್ಪುತ್ತದೆ ಎಂಬ ಲೆಕ್ಕ.

ಎಂ.ಎ. ಓದಿದವಳೆಂದು ನನ್ನನ್ನೂ ಜೊತೆಗೆ ಹೊರಡಿಸಿದರು. ಹಳಗನ್ನಡ ಓದಿದವಳು ಕಚೇರಿಯ ಕನ್ನಡವನ್ನೂ ಓದಬಲ್ಲಳೆಂದು ಮಾವ ನಂಬಿದ್ದರು. ಕೊಪ್ಪದ ಕಚೇರಿಯ ಗುಮಾಸ್ತರು ಒಳ್ಳೆಯವರು, ಅಜ್ಜಿಗೆ ಕೂರಲು ಕುರ್ಚಿ ಕೊಟ್ಟರು. ಒಬ್ಬರಿಗೆ ಎರಡು ವೇತನ ಕೊಡುವುದಿಲ್ಲ, ಮೊದಲು ಹಳೆಯದನ್ನು ರದ್ದು ಮಾಡಿಸಿ, ಆಮೇಲೆ ಹೊಸದಕ್ಕೆ ಅರ್ಜಿ ಕೊಡಿ ಎಂದರು. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಅವತ್ತು ಸದ್ದು ಬರಲಿಲ್ಲ.

ಪೋಸ್ಟ್‌ಮ್ಯಾನ್ ಅಜ್ಜಿಯ ಬಾಗಿಲಿಗೆ ಬರುವುದು ನಿಂತಿತು. ಮಳೆ ಹಿಡಿಯಿತು. ಡಬ್ಬದ ಅಕ್ಕಿ ತಳ ಕಂಡಿತು. ನಮ್ಮ ಮನೆಯಿಂದ ಅಕ್ಕಿ ಕೊಡಲು ಹೋದರೆ, "ನಿಮ್ದು ತಗಂಡ್ರೆ ಮಗಂದು ಎಂತ ಪಾಪ ಮಾಡಿತ್ತು?" ಎಂದು ವಾಪಸ್ಸು ಕಳಿಸಿದರು. ಸೊಸೆ ಗೋಡೆಯ ಆಚೆಯಿಂದ, "ಅತ್ತೇ, ಇಲ್ಲೇ ಉಣ್ಣಕ್ಕೆ ಬನ್ನಿ," ಎಂದು ಬಹಳ ಸಿಹಿಯಾಗಿ ಕರೆಯತೊಡಗಿದಳು. ಆ ಸಿಹಿ ಅಜ್ಜಿಗೆ ಸೇರುತ್ತಿರಲಿಲ್ಲ.

ಮತ್ತೆ ಕೊಪ್ಪಕ್ಕೆ ಹೋದೆವು. ಗುಮಾಸ್ತರು ಕಡತ ಬಿಡಿಸಿ, "ಗಂಡನ ಆದಾಯದ ಸರ್ಟಿಫಿಕೇಟು ಬೇಕಲ್ಲ. ಹೊಸ ಯೋಜನೇಲಿ ಗಂಡ ಹೆಂಡ್ತಿ ಇಬ್ಬರ ಆದಾಯನೂ ನೋಡ್ತಾರೆ," ಎಂದರು.

"ಯಾವ ಗಂಡ?" ಎಂದರು ಅಜ್ಜಿ.

ಗುಮಾಸ್ತರು ಕೆಮ್ಮಿದರು. ವಿಧವಾ ವೇತನ ರದ್ದಾಗಲು ಅವರ ಬಳಿ ಇದ್ದ ಕಾರಣಗಳು ಎರಡೇ: ಮರಣ, ಇಲ್ಲವೇ ಮರುಮದುವೆ. ಬೇರೆ ಯೋಜನೆಗೆ ಹೋಗುತ್ತಾರೆಂದು ಬರೆಯಲು ಜಾಗವಿರಲಿಲ್ಲ. "ಬದುಕಿರೋ ಅಜ್ಜೀನ ಸತ್ತೋದ್ರು ಅಂತ ಬರೆಯಕ್ಕೆ ನನ್ ಕೈ ಬರಲಿಲ್ಲ ಮೇಡಂ. ಅಪಶಕುನ. ನಮ್ಮನೇಲೂ ಅಜ್ಜಿ ಇದಾರೆ," ಎಂದು ನನ್ನ ಕಡೆ ನೋಡಿದರು.

"ಅದ್ಕೆ ಕೂಡಿಕೆ ಮಾಡಿಬಿಟ್ಯನ?" ಎಂದರು ಅಜ್ಜಿ. ನಮ್ಮ ಕಡೆ ವಿಧವೆಯರ ಮರುಮದುವೆಗೆ ಆ ಹೆಸರು. "ಮಾಡ್ದೋನು ಗಂಡನ್ನೂ ತೋರ್ಸು. ಅಡಿಕೆ ಸುಲಿಯಕ್ಕೆ ಬರ್ತಾನಾ?"

ಸರತಿಯಲ್ಲಿ ನಿಂತವರೆಲ್ಲ ನಕ್ಕರು. ಮಾವ ಮಾತ್ರ ಗಂಭೀರವಾಗಿ ಯೋಚಿಸುತ್ತಿದ್ದರು. "ಆ ಎರಡನೇ ಗಂಡ ತೀರ್ಕಂಡ ಅಂತ ಮಾಡಿದ್ರೆ? ಅಮ್ಮ ಮತ್ತೆ ವಿಧವೆ ಆಗ್ತಾರೆ, ಹಳೇದಕ್ಕೇ ಅರ್ಜಿ ಹಾಕ್ಬಹುದು."

"ಇಲ್ಲದ ಗಂಡನ ಮರಣಪತ್ರ ಯಾರು ಕೊಡ್ತಾರೆ ಮೇಷ್ಟ್ರೇ?" ಎಂದರು ಗುಮಾಸ್ತರು. ಅವರೂ ಒಂದು ಕ್ಷಣ ಆ ದಾರಿಯಲ್ಲಿ ನಡೆದು ಬಂದವರಂತೆ ಕಂಡರು.

"ಒಂದ್ಸಲ ಮುಂಡೆ ಆಗಿದ್ದು ಸಾಲ್ದ ನಿಮಗೆ?" ಅಜ್ಜಿ ಎದ್ದೇಬಿಟ್ಟರು.

ಕೊನೆಗೆ ಸ್ಥಳತನಿಖೆ ಎಂದು ತೀರ್ಮಾನವಾಯಿತು. ಗ್ರಾಮಲೆಕ್ಕಿಗರು ಮನೆಗೆ ಬರುತ್ತಾರೆ, ಗಂಡಸು ಯಾರೂ ಇಲ್ಲ, ಅಜ್ಜಿ ನಿರ್ಗತಿಕಳಾಗಿ ಒಬ್ಬಳೇ ಬೇಯಿಸಿಕೊಂಡಿದ್ದಾಳೆ ಎಂದು ಬರೆದರೆ ಹೊಸ ವೇತನ ಮಂಜೂರು. ಅಂದರೆ, ಈಗ ಎಲ್ಲವೂ ಆ ಒಲೆಯ ಮೇಲೆ ನಿಂತಿತ್ತು.

ಅವರು ಬರುವ ದಿನ ಅಜ್ಜಿ ಇದ್ದಬದ್ದ ಅಕ್ಕಿಯನ್ನೆಲ್ಲ ಹಾಕಿ ಗಂಜಿ ಇಟ್ಟಿದ್ದರು. ನಾನು ಬಾಗಿಲಲ್ಲಿದ್ದೆ. ಗ್ರಾಮಲೆಕ್ಕಿಗರು ಬಂದು ಒಲೆ ನೋಡಿದರು, ಒಂದೇ ತಟ್ಟೆ ನೋಡಿದರು, ಗಂಡಸಿನ ಅಂಗಿಯೇನಾದರೂ ಇದೆಯೇ ಎಂದು ಹಗ್ಗವನ್ನೂ ನೋಡಿದರು. ಪೆನ್ನು ತೆಗೆದರು.

ಅಷ್ಟರಲ್ಲಿ ಸೊಸೆ ಬಂದಳು. ನಮ್ಮ ಕಡೆ ಹೊರಗಿನವರು ಮನೆಗೆ ಬಂದು ಬರಿಹೊಟ್ಟೆಯಲ್ಲಿ ಹೋಗುವ ಪದ್ಧತಿ ಇಲ್ಲ, ಬಂದವನು ಜಪ್ತಿಗೆ ಬಂದಿದ್ದರೂ ಸರಿ. "ಎಂತದು ಇಲ್ಲಿ ಹೊಗೇಲಿ ನಿಂತಿದೀರಿ, ಜಗಲಿಗೆ ಬನ್ನಿ. ಅತ್ತೇ, ನೀವೂ ಬನ್ನಿ." ರೊಟ್ಟಿ, ಕೋಳಿಸಾರು ಎಂದು ನನ್ನ ನೆನಪು. ನನ್ನಮ್ಮ ಕಡುಬು ಎಂದು ಇವತ್ತಿಗೂ ವಾದಿಸುತ್ತಾಳೆ. ಕೋಳಿಯ ಬಗ್ಗೆ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ತಟ್ಟೆಯ ಮುಂದೆ ಕುಳಿತು ಗ್ರಾಮಲೆಕ್ಕಿಗರು ಕೇಳಿದರು: "ಅಜ್ಜಿ ಬೇರೆ ಬೇಯಿಸ್ಕಂಡು ಉಣ್ಣೋದಾ?"

ಸೊಸೆಯ ಮುಖ ಕೆಂಪಾಯಿತು. ಊರಿಗೆಲ್ಲ ಗೊತ್ತಿದ್ದ ವಿಷಯ, ಆದರೆ ಊರಿನವರಲ್ಲದವರ ಎದುರು ಅತ್ತೆಯನ್ನು ಬೇರೆ ಹಾಕಿದ್ದೇವೆ ಎನ್ನುವುದುಂಟೇ? "ಅಯ್ಯೋ, ಎಂತ ಮಾತು! ನಮ್ಮತ್ತೆ ನಮ್ಮ ಜೊತೇಗೇ ಉಣ್ಣದು. ಆ ಒಲೆ ಸ್ನಾನದ ನೀರಿಗೆ."

ನಾನು ಅಜ್ಜಿಯ ಮುಖ ನೋಡಿದೆ. ಒಂದು ಮಾತು ಸಾಕಿತ್ತು. ಆದರೆ ಆ ಮಾತು 'ನನ್ನ ಮಗ ನನಗೆ ಅನ್ನ ಹಾಕುವುದಿಲ್ಲ' ಎಂದಾಗಬೇಕಿತ್ತು, ಮಗ ಎದುರಿಗೇ ನೀರಿನ ಚೊಂಬು ಹಿಡಿದು ನಿಂತಿದ್ದ. ಅಜ್ಜಿ ಕೂತರು. ಸಾರು ಬಡಿಸಿಕೊಂಡರು. "ಉಪ್ಪು ಜಾಸ್ತಿ," ಎಂದರು, ಅಷ್ಟೇ.

ಗಂಡ ಇಲ್ಲವೆಂದು ಸಾಬೀತಾಯಿತು. ಮಗ ಸಾಕುತ್ತಿದ್ದಾನೆಂದೂ ಸಾಬೀತಾಯಿತು. ಹೊಸದು ನಿರ್ಗತಿಕರಿಗೆ ಮಾತ್ರ, ಆದ್ದರಿಂದ ಸಿಗಲಿಲ್ಲ. ಹಳೆಯದಕ್ಕೆ ಮೊದಲಿನಿಂದ ಅರ್ಜಿ ಹಾಕಬೇಕಿತ್ತು, ಆದರೆ ಅದಕ್ಕೆ ಅಜ್ಜಿಯ ವಯಸ್ಸು ಮೀರಿತ್ತು. ಈಗ ಆ ವಯಸ್ಸಿನವರಿಗೆ ಹೊಸ ಯೋಜನೆ ಇದೆ ಎಂದರು ಗುಮಾಸ್ತರು. ಮಾವ ಎನ್.ಆರ್. ಪುರಕ್ಕೆ ಹೋದವರು ಆ ವರ್ಷ ಇತ್ತ ತಲೆ ಹಾಕಲಿಲ್ಲ. ಶೃಂಗೇರಿ ಕಡೆ ಯಾರಿಗೋ ಇನ್ನೊಂದು ಯೋಜನೆ ಕೂಡಿಸಲು ಓಡಾಡುತ್ತಿದ್ದಾರೆಂದು ಸುದ್ದಿ ಬಂತು.

ಅಜ್ಜಿ ಮಗನ ಅಡುಗೆಮನೆಗೆ ಹೋದರು. "ಸರ್ಕಾರದೋರ ಎದುರು ಒಪ್ಕಂಡೀಯ, ಹಾಕು ಈಗ," ಎಂದು ತಟ್ಟೆ ತಳ್ಳುತ್ತಿದ್ದದ್ದು ನಮ್ಮನೆಗೂ ಕೇಳುತ್ತಿತ್ತು. ಸೊಸೆ ಹಾಕುತ್ತಿದ್ದಳು. ಸಿಹಿಯಾಗಿ ಕರೆಯುವುದನ್ನು ಬಿಟ್ಟಿದ್ದಳು.

ದೀಪಾವಳಿ ಹೊತ್ತಿಗೆ ಒಮ್ಮೆ ಅಜ್ಜಿಯ ಹಳೆಯ ಕೋಣೆಗೆ ಹೋಗಿದ್ದೆ. ಒಲೆಯ ಬೂದಿಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಅಜ್ಜಿ ಬಾಗಿಲಿಗೆ ಬಂದು ನಿಂತು, "ಎಬ್ಬಿಸ್ಬ್ಯಾಡ ಕೂಸೇ," ಎಂದರು. "ಅದಾದ್ರೂ ಬೇರೆ ಇರ್ಲಿ."