ಮೊಯ್ದಣ್ಣನ ಮೂರು ಅಭಿಪ್ರಾಯಗಳು

ಮೊಯ್ದಣ್ಣನಿಗೆ ಗೊತ್ತಿಲ್ಲದ ವಿಷಯ ಬಹರೈನ್‌ನಲ್ಲಿ ಇರಲಿಲ್ಲ. ಗೊತ್ತಿಲ್ಲದಿದ್ದರೂ ಅದರ ಬಗ್ಗೆ ಅಭಿಪ್ರಾಯವಂತೂ ಇದ್ದೇ ಇರುತ್ತಿತ್ತು. ಉಳ್ಳಾಲದ ಬ್ಯಾರಿ, ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಒಂದು ಇಂಗ್ಲಿಷ್ ಕುಟುಂಬದಲ್ಲಿ ಹನ್ನೆರಡು ವರ್ಷ ಮನೆ ಡ್ರೈವರಾಗಿದ್ದು, ಕಾರಿನ ರೇಡಿಯೋ ಕೇಳಿ ಕೇಳಿಯೇ ಇಂಗ್ಲಿಷ್ ಕಲಿತಿದ್ದರು. ಆ ಕುಟುಂಬ ತಮ್ಮ ದೇಶಕ್ಕೆ ಹೊರಟ ಮೇಲೆ ನಾವಿದ್ದ ರಿಫಾ ಪಟ್ಟಣದಲ್ಲಿ ಸ್ವಂತ ಕಾರು ಇಟ್ಟುಕೊಂಡು, ಬೆಳಿಗ್ಗೆ ಮಕ್ಕಳನ್ನು ಶಾಲೆಗೆ, ಆಮೇಲೆ ದೊಡ್ಡವರನ್ನು ಸೀಫ್‌ನ ಆಫೀಸುಗಳಿಗೆ ಬಿಡುತ್ತಿದ್ದರು.

ನನ್ನ ಮಗಳು ಡೈನಾ ಅವರ ಕಾರಿನಲ್ಲೇ ಶಾಲೆಗೆ ಹೋಗುತ್ತಿದ್ದಳು. ಒಬ್ಬಳೇ ಹೋಗಲು ಅಳುತ್ತಾಳೆಂದು ನಾನೂ ಜೊತೆಗೆ ಹತ್ತುತ್ತಿದ್ದೆ. ಅವಳ ಅಳು ಒಂದೇ ತಿಂಗಳಲ್ಲಿ ನಿಂತಿತು, ನಾನು ಮಾತ್ರ ಎರಡು ವರ್ಷ ಹತ್ತಿದೆ. ಸತ್ಯ ಹೇಳಿಬಿಡುತ್ತೇನೆ, ದಿನವಿಡೀ ಆ ಫ್ಲಾಟಿನಲ್ಲಿ ನನಗೆ ಮಾತಿಗೆ ಯಾರೂ ಇರಲಿಲ್ಲ. ಕಾರಿನಲ್ಲಿಯೂ ಮಾತಾಡುವವರು ಮೊಯ್ದಣ್ಣನೇ. ನಾನು "ಹೌದು ಮೊಯ್ದಣ್ಣ" ಅನ್ನುತ್ತಿದ್ದೆ. ಅವರ ಕಾರು ಹತ್ತಿದವರೆಲ್ಲ ಹಾಗೇ ಅನ್ನುತ್ತಿದ್ದರು. ಸ್ಟಿಯರಿಂಗ್ ಹಿಡಿದವರ ಜೊತೆ ಯಾರು ಜಗಳಕ್ಕೆ ನಿಲ್ಲುತ್ತಾರೆ?

2010ರ ಮೇ ತಿಂಗಳಲ್ಲಿ ನನಗೆ ಸೀಫ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಿಂದ ಸಂದರ್ಶನಕ್ಕೆ ಕರೆ ಬಂತು. ರಿಸೆಪ್ಷನಿಸ್ಟ್ ಕೆಲಸ. ಮೊದಲಿನ ಎರಡು ಸಂದರ್ಶನಗಳಲ್ಲಿ ನಾನು ಮಣ್ಣುಮುಕ್ಕಿದ್ದೆ. "ನಿಮಗೇನು ಇಷ್ಟ, ಏನಾದರೂ ಮಾತಾಡಿ" ಎಂದರೆ "ಏನಿಲ್ಲ ಸರ್, ಮನೆ, ಮಗಳು" ಎಂದು ತಲೆ ತಗ್ಗಿಸಿ ಬಂದಿದ್ದೆ. ಎರಡು ಸಲವೂ ಅತ್ತಿದ್ದನ್ನು ನೋಡಿದ ನನ್ನ ಗಂಡ ಓಲಿವರ್, "ಇದೊಂದು ನೋಡುವ. ಆಗದಿದ್ದರೆ ಬಿಟ್ಟುಬಿಡು ಫೆಲ್ಸಿ" ಅಂದಿದ್ದ. ನಾನೂ ಆಯ್ತು ಅಂದಿದ್ದೆ. ಆದರೆ ಹನ್ನೊಂದು ವರ್ಷ ಆ ಫ್ಲಾಟಿನ ಗೋಡೆ ನೋಡಿದ್ದೆ, ಇನ್ನು ಸಾಯುವವರೆಗೂ ಅದನ್ನೇ ನೋಡುವುದು ನನ್ನಿಂದಾಗುತ್ತಿರಲಿಲ್ಲ.

ಆ ಭಾನುವಾರ ಹತ್ತು ಗಂಟೆಗೆ ಮೊಯ್ದಣ್ಣ ನನ್ನನ್ನು ಸೀಫ್‌ಗೆ ಕರೆದುಕೊಂಡು ಹೊರಟರು. ನನ್ನ ಹೆದರಿಕೆ ಕೇಳಿ ನಕ್ಕೇಬಿಟ್ಟರು.

"ಅಷ್ಟೇಯಾ? ಇಂಗ್ಲಿಷರು ಮೂರೇ ವಿಷಯ ಮಾತಾಡುವುದು ಫೆಲ್ಸಿಬಾಯಿ. ಸಿನಿಮಾ, ಪದ್ಯ, ಅವರ ಸರಕಾರ. ನಾನು ಹೇಳಿದ ಹಾಗೆ ಹೇಳಿ."

ಈಸಾ ಟೌನ್ ದಾಟುವಷ್ಟರಲ್ಲಿ ಮೂರನ್ನೂ ಬಾಯಿಪಾಠ ಮಾಡಿಸಿದರು. ಮೊದಲನೆಯದು, ಆಕಾಶನೌಕೆಯ ಸಿನಿಮಾಗಳೆಲ್ಲ ಸುಳ್ಳು. ನೌಕೆಯಲ್ಲಿ ಇನ್ನೂರು ಜನ, ಚಾ ಮಾಡುವವನು ಒಬ್ಬನೂ ಇಲ್ಲ, ಅಂಥದ್ದು ಚಂದ್ರನನ್ನೂ ದಾಟಲಾರದು. ಎರಡನೆಯದು ಪದ್ಯ, ಅಂದರೆ ನಮ್ಮೂರ ಮಾತಿನಲ್ಲಿ ಹಾಡು. ಕೆಂಪು ಸಿಗ್ನಲ್ಲಿನಲ್ಲಿ ನಿಂತಾಗ ಗುನುಗಲು ಬಾರದ ಪದ್ಯ ಪದ್ಯವೇ ಅಲ್ಲ, ಆದ್ದರಿಂದ ಈಗಿನ ಇಂಗ್ಲಿಷ್ ಪಾಪ್ ಸಂಗೀತ ಮುಗಿದ ಕಥೆ. ಮೂರನೆಯದು ಬಿಸಿಬಿಸಿ ಸುದ್ದಿ. ಬ್ರಿಟನ್ನಿನ ಚುನಾವಣೆ ಮುಗಿದು ಮೂರು ದಿನವಾಗಿತ್ತು, ಯಾರಿಗೂ ಬಹುಮತವಿರಲಿಲ್ಲ, ಎರಡು ಪಕ್ಷಗಳು ಮೈತ್ರಿಯ ಮಾತಾಡುತ್ತಿದ್ದವು.

"ಇಪ್ಪತ್ತು ತಿಂಗಳು," ಅಂದರು ಮೊಯ್ದಣ್ಣ. "ಅದಕ್ಕಿಂತ ಒಂದು ದಿನ ಜಾಸ್ತಿ ಇಲ್ಲ. ಬೆಂಗಳೂರಲ್ಲಿ ನೋಡಿಲ್ವಾ ನಾವು? ಇಪ್ಪತ್ತು ತಿಂಗಳು ನಾನು, ಇಪ್ಪತ್ತು ತಿಂಗಳು ನೀನು ಅಂದ್ರು. ಕುರ್ಚಿ ಬಿಡುವಾಗ ಎಂತ ಆಯ್ತು?"

"ಹೌದು ಮೊಯ್ದಣ್ಣ," ಅಂದೆ.

ಕ್ಲಿನಿಕ್ಕಿನ ಮ್ಯಾನೇಜರ್ ಹೆಲೆನ್ ಎಂಬ ಇಂಗ್ಲಿಷ್ ಹೆಂಗಸು. ಯಾರೋ ನನ್ನ ಮುಂದೆ ಚಾ ತಂದಿಟ್ಟು ಹೋದರು. ಹೆಲೆನ್ ನನ್ನ ಸರ್ಟಿಫಿಕೇಟುಗಳನ್ನು ಬದಿಗಿಟ್ಟು, "ಇಲ್ಲಿ ಹೆದರಿಕೊಂಡವರು ಬಂದು ಕೂರುತ್ತಾರೆ. ಅವರನ್ನು ಮಾತಾಡಿಸುವುದೇ ನಿಮ್ಮ ಕೆಲಸ. ಈಗ ನನ್ನನ್ನು ಮಾತಾಡಿಸಿ" ಅಂದರು. ನಾನು ಒಂದೇ ಉಸಿರಿಗೆ ಆಕಾಶನೌಕೆ ಹಾರಿಸಿದೆ, ಸಿಗ್ನಲ್ ದಾಟಿದೆ, ಮೈತ್ರಿ ಸರಕಾರಕ್ಕೆ ಇಪ್ಪತ್ತು ತಿಂಗಳ ಗಡುವು ಕೊಟ್ಟೆ.

ಹೆಲೆನ್ ಕನ್ನಡಕ ತೆಗೆದರು. "ನೀವು ಮೊಯ್ದುವಿನ ಕಾರಿನಲ್ಲಿ ಬಂದಿರಾ?"

ನಾಲ್ಕು ವರ್ಷದಿಂದ ಆಕೆಯೂ ರಿಫಾದಿಂದ ದಿನಾ ಬರುವುದು ಅದೇ ಕಾರಿನಲ್ಲಂತೆ. ಆ ಕಟ್ಟಡದಲ್ಲಿ ಹದಿನಾಲ್ಕು ಮಾಳಿಗೆ. ಮೇಡಂ ಗೇಟಿನಲ್ಲಿ ಇಳಿದು ಎಲ್ಲಿಗೆ ಹೋಗುತ್ತಾರೆಂದು, ಲೋಕವೆಲ್ಲ ತಿಳಿದ ನಮ್ಮ ಮೊಯ್ದಣ್ಣ ಒಂದು ದಿನವೂ ಕೇಳಿರಲಿಲ್ಲ.

"ಈ ಇಪ್ಪತ್ತು ತಿಂಗಳನ್ನು ನಾನು ಇವತ್ತು ಬೆಳಿಗ್ಗೆ ಎಂಟಕ್ಕೆ ಕೇಳಿಯಾಯಿತು," ಅಂದರು ಹೆಲೆನ್. "ಅವರ ಮಾತನ್ನು ನೀವು ಒಪ್ಪುತ್ತೀರಾ?"

ಮುಗಿಯಿತು ಅಂದುಕೊಂಡೆ. ಹೇಗೂ ಮುಗಿದಿದೆ ಎಂದ ಮೇಲೆ ಎಲ್ಲಿತ್ತೋ ಕೋಪ, ನೆತ್ತಿಗೇರಿತು. ಎರಡು ವರ್ಷ ಹೌದು ಹೌದು ಎಂದು ನುಂಗಿದ್ದೆಲ್ಲ ಹೊರಗೆ ಬಂತು.

"ಒಂದನ್ನೂ ಒಪ್ಪುವುದಿಲ್ಲ ಮೇಡಂ. ನೌಕೆಯಲ್ಲಿ ಚಾ ಮಾಡುವವನು ಇದ್ದಾನೆ. ಕ್ಯಾಮೆರಾ ಅವನ ಕಡೆ ತಿರುಗುವುದಿಲ್ಲ, ಅಷ್ಟೇ. ಈಗ ನನಗೆ ಚಾ ತಂದಿಟ್ಟವರ ಮುಖ ನೀವೂ ನೋಡಲಿಲ್ಲ, ನಾನೂ ನೋಡಲಿಲ್ಲ. ಪದ್ಯ ಗುನುಗಲು ಬಾರದಿದ್ದರೆ ಅದು ಪದ್ಯದ ತಪ್ಪಲ್ಲ, ಮೊಯ್ದಣ್ಣನ ಗಂಟಲಿನ ತಪ್ಪು. ನನ್ನ ಮಗಳ ಇಂಗ್ಲಿಷ್ ಪದ್ಯಗಳನ್ನು ನಾನು ಪಾತ್ರೆ ತೊಳೆಯುತ್ತಾ ಪೂರ್ತಿ ಹಾಡುತ್ತೇನೆ. ಇನ್ನು ನಿಮ್ಮ ಸರಕಾರ, ಅದು ಐದು ವರ್ಷವೂ ನಿಲ್ಲುತ್ತದೆ. ನಮ್ಮವರು ಒಂದೇ ಕುರ್ಚಿಗೆ ಸರದಿ ಹಾಕಿದರು. ನಿಮ್ಮಲ್ಲಿ ಒಬ್ಬ ಕೂರುತ್ತಾನೆ, ಇನ್ನೊಬ್ಬ ಪಕ್ಕದಲ್ಲಿ ನಿಂತಿದ್ದಕ್ಕೇ ಖುಷಿಪಡುತ್ತಾನೆ."

ಹೆಲೆನ್ ತುಂಬ ಹೊತ್ತು ನಕ್ಕರು. "ಅವರ ಮುಂದೆ ಇಲ್ಲ ಅನ್ನಲು ನನಗೆ ನಾಲ್ಕು ವರ್ಷದಿಂದ ಧೈರ್ಯ ಬಂದಿಲ್ಲ," ಅಂದರು. ಮುಂದಿನ ಭಾನುವಾರದಿಂದ ಬರಲು ಹೇಳಿದರು.

ಕೆಳಗೆ ಮೊಯ್ದಣ್ಣ ಕಾರಿಗೆ ಒರಗಿ ನಿಂತಿದ್ದರು. "ಸಿಕ್ಕಿತು" ಅಂದದ್ದೇ ತಡ, ಅವರ ಮುಖ ಅರಳಿತು.

"ನಾನು ಹೇಳಿದ್ದೇ ಹೇಳಿದ್ರಲ್ಲಾ? ನಂಗೆ ಗೊತ್ತಿತ್ತು."

ಹೌದು ಮೊಯ್ದಣ್ಣ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅಂದುಬಿಟ್ಟಿದ್ದರೆ ಇಬ್ಬರಿಗೂ ಸುಖವಿತ್ತು. ಆದರೆ ಆ ಹೌದನ್ನು ಬಿಟ್ಟದ್ದಕ್ಕೇ ನನಗೆ ಕೆಲಸ ಸಿಕ್ಕಿತ್ತು. "ಇಲ್ಲ ಮೊಯ್ದಣ್ಣ," ಅಂದೆ, ಮತ್ತು ನಡೆದದ್ದನ್ನು ಒಂದೂ ಬಿಡದೆ ಹೇಳಿದೆ, ಗಂಟಲಿನ ವಿಷಯವನ್ನೂ ಸೇರಿಸಿ.

ಅವರು ಕಾರು ಬಿಟ್ಟರು. ಅರ್ಧ ದಾರಿಯವರೆಗೆ ರೇಡಿಯೋ ಒಂದೇ ಮಾತಾಡಿತು.

"ಆ ಮೇಡಂ ದಿನಾ ಯೆಸ್ ಮೊಯ್ದು, ಯೆಸ್ ಮೊಯ್ದು ಅಂತಿದ್ರು," ಅಂದರು ಕೊನೆಗೆ.

"ನಾನೂ ಅಂತಿದ್ದೆ."

"ಇಷ್ಟು ವರ್ಷದಲ್ಲಿ ಒಬ್ಬರೂ ಇಲ್ಲ ಅನ್ಲಿಲ್ಲ ಫೆಲ್ಸಿಬಾಯಿ. ನಾನು ಹೇಳುವುದೆಲ್ಲ ಸರಿ ಉಂಟು ಅಂತ ತಿಳ್ಕೊಂಡೆ. ಯಾರೂ ಕೇಳ್ತಾ ಇರ್ಲಿಲ್ಲ ಅಂತ ಈಗ ಗೊತ್ತಾಯ್ತು."

"ಕೇಳ್ತಿದ್ದರು ಮೊಯ್ದಣ್ಣ. ಕೇಳದಿದ್ದರೆ ನಾನು ಹೇಳಿದ್ದು ನಿಮ್ಮ ಮಾತು ಅಂತ ಅವರಿಗೆ ಹೇಗೆ ಗೊತ್ತಾಗ್ತಿತ್ತು?"

ಅವರು ಕೈ ಚಾಚಿ ರೇಡಿಯೋ ನಿಲ್ಲಿಸಿದರು.

"ಚಾದವನ ವಿಷಯ ನೀವು ಹೇಳಿದ್ದು ಸರಿ ಇರಬಹುದು. ಪದ್ಯದ್ದು ತಪ್ಪು. ಅದು ಇರ್ಲಿ, ಆ ಸರಕಾರ ಐದು ವರ್ಷ ಹೇಗೆ ನಿಲ್ತದೆ, ಸರಿಯಾಗಿ ಹೇಳಿ ನೋಡುವ."

ನಾನು ಹೇಳತೊಡಗಿದೆ. ನಮ್ಮ ಕಟ್ಟಡದ ಮುಂದೆ ಬಂದು ಇಂಜಿನ್ ಆಫ್ ಮಾಡಿದ ಮೇಲೂ ಅವರು ನಡುವೆ ಬಾಯಿ ಹಾಕದೆ ಕೇಳುತ್ತಾ ಕೂತಿದ್ದರು.