ಕರೆಂಟ್ ಹೋದ ಮೇಲೂ ಎದ್ದ ಕೈ

ಫ್ಯಾನ್ ನಿಂತಿತು. ಮೆಷಿನ್ನಿನ ಕೆಂಪು ದೀಪವೂ ಆರಿತು. ಆದರೂ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ ಕೆಂಪಮ್ಮನವರ ಕೈ ಮಾತ್ರ ಠೀವಿಯಿಂದ ಮೇಲೆ ಹೋಯಿತು.

ತೊಂಬತ್ತರ ದಶಕದ ಕೊನೆಯ ಮಾತು ಇದು. ಹೊಳೆನರಸೀಪುರದ ನಮ್ಮ ಶಾಲೆಯಲ್ಲಿ ಕಿವಿ ತಪಾಸಣೆಯ ಕ್ಯಾಂಪ್. ಹೊರದೇಶದಿಂದ ಬಂದ ಒಂದು ತಂಡ, ಕಿವಿ ಕೇಳದವರಿಗೆ ಪುಕ್ಕಟೆ ಹಿಯರಿಂಗ್ ಏಡ್ ಕೊಡುತ್ತಿತ್ತು.

ನಾನು ಅಲ್ಲಿ ಇಂಗ್ಲಿಷ್ ಟೀಚರ್. ಹಾಗಾಗಿ ಡಾಕ್ಟರ ಮಾತನ್ನು ಜನಕ್ಕೆ, ಜನರ ಮಾತನ್ನು ಡಾಕ್ಟರಿಗೆ ತಿಳಿಸುವ ವಾಲಂಟಿಯರ್ ಕೆಲಸ ನನ್ನ ಪಾಲಿಗೆ ಬಂತು. ಸುಳ್ಳು ಯಾಕೆ ಹೇಳಲಿ, ಜಂಬ ಸ್ವಲ್ಪ ಜಾಸ್ತಿಯೇ ಇತ್ತು.

ಬೆಳಿಗ್ಗೆ ಸಾಲಿನ ಮುಂದೆ ನಿಂತು ಒಂದು ಭಾಷಣವನ್ನೂ ಬಿಗಿದಿದ್ದೆ. ಡಾಕ್ಟರು ಅಷ್ಟು ದೂರದಿಂದ ಬಂದಿದ್ದಾರೆ, ಅವರಿಗೆ ಬೇಜಾರು ಮಾಡಬೇಡಿ, ಶಬ್ದ ಬಂದ ಕೂಡಲೇ ಕೈ ಎತ್ತಿ, ಊರಿನ ಮರ್ಯಾದೆ ಉಳಿಸಿ... ಹೀಗೆ.

ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ತಲೆ ಕೆರೆದುಕೊಳ್ಳತೊಡಗಿದರು. ಪರೀಕ್ಷೆಗೆ ಕೂತವರಿಗೆಲ್ಲ ಕಿವಿ ಸೊಗಸಾಗಿ ಕೇಳುತ್ತಿದೆ. ಹೊರಗೆ ಹೋಗಿ ನೋಡಿದರೆ, ಮಕ್ಕಳು ಸೊಸೆಯರು ಅದೇ ಜನರ ಕಿವಿಗೆ ಬಾಯಿಟ್ಟು ಕಿರುಚುತ್ತಿದ್ದಾರೆ.

ಇಲ್ಲಿ ನಮ್ಮ ಅಗತ್ಯ ಇಲ್ಲವೇನೋ, ಮುಂದಿನ ಕ್ಯಾಂಪಿಗೆ ಸಂಜೆಗೇ ಅರಕಲಗೂಡಿಗೆ ಹೊರಟುಬಿಡೋಣ ಅಂದರು ಡಾಕ್ಟರು. ನನಗೆ ಮುಖ ಚಿಕ್ಕದಾಯಿತು.

ಆಗಲೇ ಹರದನಹಳ್ಳಿ ಕಡೆಯ ಸಾವಿತ್ರಿ ಬಂದಳು, ಅತ್ತೆ ಕೆಂಪಮ್ಮನವರ ಕೈ ಹಿಡಿದುಕೊಂಡು. ಬೆಳಿಗ್ಗೆ ಕೆಂಪಮ್ಮನವರಿಗೂ ಕಿವಿ ಚೆನ್ನಾಗಿದೆ ಅಂತ ಚೀಟಿ ಬರೆದು ಕಳಿಸಿದ್ದೆವು.

"ಮೇಡಮ್ಮೋರೇ, ಈ ಚೀಟಿ ನೀವೇ ಮಡಿಕಳಿ. ನಮ್ಮತ್ತೆಗೆ ಪಕ್ಕದಾಗೆ ಪಟಾಕಿ ಒಡುದ್ರೂ ಕೇಳಾಕಿಲ್ಲ" ಅಂದಳು.

ಮೆಷಿನ್ ಸುಳ್ಳು ಹೇಳುತ್ತಾ ಅಂತ ನಾನು ರೇಗಿದೆ. ಅವಳು ಜಗ್ಗಲಿಲ್ಲ. ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದಳು.

ಕೆಂಪಮ್ಮ ಅಂದರೆ ಆ ಸುತ್ತಿನ ಮದುವೆಗಳಲ್ಲಿ ಸೋಬಾನೆ ಹೇಳುವ ಮುಂದಾಳು. ಅವರು ಒಂದು ಸಾಲು ಹೇಳಬೇಕು, ಉಳಿದ ಹೆಂಗಸರು ಅದನ್ನೇ ಹಿಂದೆ ಹೇಳಬೇಕು. ಹೋದ ವರ್ಷದ ಮದುವೆಯಲ್ಲಿ ಹೆಂಗಸರು ಇನ್ನೂ ಹೇಳುತ್ತಿರುವಾಗಲೇ ಇವರು ಮುಂದಿನ ಸಾಲಿಗೆ ಹೋಗಿಬಿಟ್ಟರಂತೆ. ಯಾರೋ ನಕ್ಕರು. ಅವತ್ತಿನಿಂದ ಯಾರ ಮದುವೆಗೆ ಹೋದರೂ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಕೂತುಬಿಡುತ್ತಾರಂತೆ.

"ಬರೋ ತಿಂಗ್ಳು ಅವ್ರ ತಮ್ಮನ ಮಗಳ ಮದುವೆ. ಅಲ್ಲೂ ಈರುಳ್ಳಿನೇ ಎಚ್ತಾರೆ ಕಣ್ರೀ" ಅಂದಳು ಸಾವಿತ್ರಿ. ಅವಳ ಕಣ್ಣು ತುಂಬಿತ್ತು.

ಸರಿ, ಇನ್ನೊಮ್ಮೆ ಕೂರಿಸಿದೆವು. ಆಗ ಹೋಯಿತು ನೋಡಿ ಕರೆಂಟು.

ಡಾಕ್ಟರು ಬೇಸರಕ್ಕೆ ಸುಮ್ಮನೆ, ಹೆಡ್‌ಫೋನಿಗೆ ಶಬ್ದ ಕಳಿಸುವ ಗುಂಡಿ ಒತ್ತಿದರು. ಕೈ ಎದ್ದಿತು. ಮತ್ತೆ ಒತ್ತಿದರು. ಮತ್ತೆ ಎದ್ದಿತು.

ಆಗ ಕಂಡಿತು ನನಗೆ. ಕೆಂಪಮ್ಮ ಕೇಳುತ್ತಿರಲಿಲ್ಲ, ಡಾಕ್ಟರ ಬೆರಳನ್ನೇ ನೋಡುತ್ತಿದ್ದರು.

ಹೆಡ್‌ಫೋನ್ ತೆಗೆದು, ಯಾಕಮ್ಮ ಹೀಗೆ ಮಾಡಿದಿರಿ ಅಂತ ಕಿವಿಯಲ್ಲಿ ಕೂಗಿದೆ.

"ಪಾಪ, ಎಳೇ ಉಡ್ಗ ಕಣವ್ವ. ಒತ್ತಿ ಒತ್ತಿ ಬೆಳ್ಳು ಸವೀತದೆ. ಕೇಳ್ನಿಲ್ಲ ಅಂದ್ರೆ ನೊಂದ್ಕತದೆ" ಅಂದರು.

"ನೀವೇ ಯೋಳಿದ್ರಲ್ಲ ಬೇಜಾರು ಮಾಡ್ಬ್ಯಾಡಿ ಅಂತವ. ನಾನೇ ಅತ್ತೆ ಕಿವೀಗೆ ಕೂಗಿ ಯೋಳಿದ್ದೆ" ಅಂದಳು ಸಾವಿತ್ರಿ, ತಲೆ ತಗ್ಗಿಸಿ. ಸಾಲಿನಲ್ಲಿದ್ದವರೆಲ್ಲ ಬೇರೆ ಕಡೆ ನೋಡತೊಡಗಿದರು. ಎಲ್ಲರದ್ದೂ ಅದೇ ಕಥೆ.

ಇಂಗ್ಲಿಷಿನಲ್ಲಿ ಇದನ್ನು ಡಾಕ್ಟರಿಗೆ ಹೇಳುವಷ್ಟರಲ್ಲಿ ನನ್ನ ಜಂಬವೆಲ್ಲ ಇಳಿದಿತ್ತು. ತಪ್ಪು ನನ್ನದೇ ಅಂತಲೂ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕರೆಂಟ್ ಬಂದ ಮೇಲೆ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆವು, ಬೆರಳು ಕಾಣದ ಹಾಗೆ. ನಾನು ಎರಡನೇ ಭಾಷಣ ಮಾಡಿದೆ. ಕೇಳದಿದ್ದರೆ ದಯವಿಟ್ಟು ಸುಮ್ಮನಿರಿ, ಡಾಕ್ಟರಿಗೆ ಬೇಕಿರುವುದೇ ಅದು. ಬೆಳಗಿನಿಂದ ಬಂದವರನ್ನೆಲ್ಲ ಮತ್ತೆ ಕರೆಸಿದೆವು. ಅರಕಲಗೂಡಿನ ಪ್ರಯಾಣ ಎರಡು ದಿನ ಮುಂದಕ್ಕೆ ಹೋಯಿತು.

ಕೆಂಪಮ್ಮನವರಿಗೆ ಏಡ್ ಹಾಕಿದ್ದು ಅವತ್ತೇ. ಆಗಿನದು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಅದರಿಂದ ಕಿವಿಗೆ ಒಂದು ವೈರು. ಡಬ್ಬಿಯನ್ನು ಅವರು ಸೊಂಟದ ಎಲೆಅಡಿಕೆ ಚೀಲಕ್ಕೆ ತುರುಕಿಕೊಂಡರು.

ಸರಿಯಾಗಿ ಕೇಳ್ತಿದೆಯಾ ಅಂತ ಕೇಳಿದೆ.

ಅವರು ಡಾಕ್ಟರ ಮುಖ ನೋಡಿದರು. ಕೈ ಅರ್ಧ ಮೇಲೆ ಹೋಯಿತು... ಆಮೇಲೆ ಮೆಲ್ಲಗೆ ಕೆಳಗಿಳಿಯಿತು.

"ಇಲ್ಲ ಕಣಪ್ಪ. ಬರೀ ಗರಗರ ಅಂತೈತೆ. ಸರಿ ಮಾಡ್ಕೊಡು."

ನಾನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಡಾಕ್ಟರು ಚಪ್ಪಾಳೆ ಹೊಡೆದುಬಿಟ್ಟರು. ಡಬ್ಬಿಗೆ ಎಲೆಅಡಿಕೆ ಉಜ್ಜುತ್ತಿತ್ತು. ಅದನ್ನು ಚೀಲದಿಂದ ತೆಗೆದು ಸೆರಗಿಗೆ ಪಿನ್ ಮಾಡಿದೆವು.

ಸಾವಿತ್ರಿ ಪಕ್ಕದಲ್ಲಿ ಕೂತು, ಮೆಲುದನಿಯಲ್ಲಿ ಒಂದು ಸೋಬಾನೆಯ ಸಾಲು ಹೇಳಿದಳು. ಕೆಂಪಮ್ಮ ಬಾಯಿ ತೆರೆದರು, ತಡೆದುಕೊಂಡರು, ಅವಳು ಪೂರ್ತಿ ಮುಗಿಸುವ ತನಕ ಕಾದರು. ಆಮೇಲೆ ಎತ್ತಿಕೊಂಡರು ನೋಡಿ ಮುಂದಿನ ಸಾಲು... ಹೊರಗೆ ಕಾಯುತ್ತಿದ್ದ ಹೆಂಗಸರೂ ದನಿ ಕೂಡಿಸಿದರು. ಕೆಂಪಮ್ಮ ಒಂದು ಕಡೆಯೂ ತಪ್ಪಲಿಲ್ಲ. ನನಗೆ ಅಳು ಬಂತು, ಸಂತೋಷಕ್ಕೆ.

ಮುಂದಿನ ತಿಂಗಳ ಮದುವೆಗೆ ನನಗೂ ಕರೆ ಬಂತು, ಹೋಗಿದ್ದೆ. ಈರುಳ್ಳಿ ಹೆಚ್ಚುವ ಕೆಲಸ ಬೇರೆಯವರಿಗೆ ಬಿದ್ದಿತ್ತು.

ಕ್ಯಾಂಪ್ ಮುಗಿದು ಕ್ಲಾಸಿಗೆ ಹೋದ ದಿನ, ಪಾಠ ಮುಗಿಸಿ "ಅರ್ಥ ಆಯ್ತಾ?" ಅಂದೆ. ನಲವತ್ತು ಮಕ್ಕಳೂ ನನ್ನ ಮುಖ ನೋಡಿಕೊಂಡು "ಆಯ್ತು ಮಿಸ್" ಅಂದವು.

ಅಷ್ಟು ವರ್ಷ ಆ ಮಾತನ್ನು ನಾನು ಹೇಗೆ ನಂಬಿಕೊಂಡು ಬಂದಿದ್ದೆ, ಹೇಳಿ?